ಹೊಸ್ತಿಲ ಹಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎರಡು ಕಷ್ಟಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟಿದೆ. ಆದರೂ ಅವುಗಳಲ್ಲಿ ಒಂದು ಭೇದವುಂಟು. ಮದುವೆಯ ಮುಯ್ಯಿ ಧಾರೆಯ ಹೊತ್ತಿಗೇ ಬಂದು ಖರ್ಚಿಗೆ ಒದಗುತ್ತದೆ. ಮನೆಯ ಮುಯ್ಯಿಯಾದರೋ ಗೃಹಪ್ರವೇಶಕ್ಕೆ ಬರತಕ್ಕದ್ದು. ಹೊಸ್ತಿಲು ದಾಟುವ ತನಕ ಗೃಹಸ್ಥನು ಒಬ್ಬನೇ.

ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬ ಗುಮಾಸ್ತರು ೨೦೨೫ರಲ್ಲಿ ಈ ಭೇದವನ್ನು ಚೆನ್ನಾಗಿ ಅರಿತುಕೊಂಡರು. ಹತ್ತೊಂಬತ್ತು ವರ್ಷಗಳಲ್ಲಿ ಐದು ಬಾಡಿಗೆಯ ಮನೆಗಳನ್ನು ಕಂಡ ಸಂಸಾರ ಅವರದು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಪರರ ಅಪ್ಪಣೆ ಬೇಕು. ಊರಾಚೆ ೨೫ ಲಕ್ಷಕ್ಕೆ ಒಂದು ಚಿಕ್ಕ ಮನೆ ಸಿಕ್ಕುವಂತಿದ್ದಾಗ ಅವರು ಬ್ಯಾಂಕಿನ ಮೆಟ್ಟಿಲು ಹತ್ತಿದರು.

೩೦ ಲಕ್ಷದವರೆಗಿನ ಗೃಹಸಾಲವಾದರೆ ಬೆಲೆಯಲ್ಲಿ ನೂರಕ್ಕೆ ೯೦ರವರೆಗೆ ಕೊಡಬಹುದೆಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಉಳಿದ ಎರಡೂವರೆ ಲಕ್ಷ ಕೊಳ್ಳುವವನ ಪಾಲು. ಬ್ಯಾಂಕಿನವರು ಅದನ್ನು ಮಾರ್ಜಿನ್ ಎನ್ನುತ್ತಾರೆ. ಬೆಲೆ ೧೦ ಲಕ್ಷಕ್ಕೆ ಮೀರಿದರೆ ಮುದ್ರಾಂಕ ಶುಲ್ಕ, ನೋಂದಣಿಯ ಖರ್ಚುಗಳನ್ನು ಅದರಲ್ಲಿ ಸೇರಿಸುವಂತಿಲ್ಲ. ಅವೂ ಕೈಯಿಂದಲೇ ಹೋಗಬೇಕು.

ಸರಕಾರದ ನೆರವಿಲ್ಲವೆ? ಉಂಟು. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನ ೨೦೨೨ರ ಮಾರ್ಚಿಗೆ ಮುಗಿದಿತ್ತು. ೨೦೨೪ರ ಸೆಪ್ಟೆಂಬರಿನಿಂದ ನಗರಗಳಿಗಾಗಿ ಅದರ ಎರಡನೆಯ ಆವೃತ್ತಿ ಬಂದಿತು. ವರ್ಷದ ಆದಾಯ ೯ ಲಕ್ಷವನ್ನೂ ಮನೆಯ ಬೆಲೆ ೩೫ ಲಕ್ಷವನ್ನೂ ಸಾಲ ೨೫ ಲಕ್ಷವನ್ನೂ ಮೀರದಿದ್ದರೆ, ಸಾಲದ ಮೊದಲ ೮ ಲಕ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಡ್ಡಿಯ ಸಹಾಯ. ಹೆಚ್ಚೆಂದರೆ ೧ ಲಕ್ಷ ೮೦ ಸಾವಿರ. ಭಾರತದಲ್ಲಿ ಎಲ್ಲಿಯೂ ಆ ಕುಟುಂಬಕ್ಕೆ ಪಕ್ಕಾ ಮನೆಯಿರಕೂಡದು. ಈ ಒಂದು ಅರ್ಹತೆಯಲ್ಲಿ ಗುಮಾಸ್ತರಿಗೆ ಯಾವ ಕೊರತೆಯೂ ಇರಲಿಲ್ಲ!

ಸಂತೋಷದಿಂದ ಮನೆಗೆ ಬಂದು ಲೆಕ್ಕ ಒಪ್ಪಿಸಿದರು. ಮಡದಿ ಕೊನೆಯವರೆಗೂ ಕೇಳಿ, "ಅಲ್ಲಾ ಅಂದ್ರೆ, ಆ ಹಣ ಬರುವುದು ಯಾವಾಗ?" ಎಂದರು.

ಗುಮಾಸ್ತರು ಕಾಗದವನ್ನು ಮತ್ತೆ ನೋಡಿದರು. ಸಾಲ ಕೈಸೇರಿದ ಮೇಲೆ, ಐದು ವಾರ್ಷಿಕ ಕಂತುಗಳಲ್ಲಿ, ಅದೂ ಸಾಲದ ಖಾತೆಗೆ ಜಮೆ.

"ಹಾಗಾದರೆ ಅದು ಒಳಗೆ ಹೋದವರಿಗೆ. ಬಾಗಿಲಲ್ಲಿ ನಿಂತವರಿಗೆ ಏನುಂಟು?"

ಆ ಪ್ರಶ್ನೆಗೆ ಯೋಜನೆಯ ಕಾಗದದಲ್ಲಿ ಉತ್ತರವಿರಲಿಲ್ಲ. ಸ್ವಂತ ನಿವೇಶನವುಳ್ಳ ಬಡವರಿಗೆ ರಾಜ್ಯದ ವಸತಿ ನಿಗಮ ಕೊಡುವ ನೆರವಿನ ರೀತಿಯೂ ಬೇರೆಯಲ್ಲ. ತಳಪಾಯ ಎದ್ದ ಮೇಲೆ ಒಂದು ಕಂತು, ಗೋಡೆ ಏರಿದ ಮೇಲೆ ಮತ್ತೊಂದು. ಮೊದಲ ಕಲ್ಲನ್ನು ಇಡುವವನು ತಾನೇ ಇಡಬೇಕು. ಕೊಟ್ಟ ಹಣ ಮನೆಗೇ ಸಲ್ಲಲಿ ಎಂಬ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಆ ಎಚ್ಚರಿಕೆಯ ಭಾರ ಬೀಳುವುದು ಕಲ್ಲಿಗೂ ಗತಿಯಿಲ್ಲದವನ ಮೇಲೆ.

ಉಳಿದದ್ದು ಭವಿಷ್ಯನಿಧಿ. ಮನೆಗಾಗಿ ಅದರಿಂದ ತೆಗೆದ ಹಣವನ್ನು ಮರಳಿ ಕಟ್ಟಬೇಕಾಗಿಲ್ಲ. ಸಾಲವಲ್ಲವೆಂದು ಕಾರ್ಖಾನೆಯವರು ಹೇಳಿದಾಗ ಗುಮಾಸ್ತರು ತಲೆದೂಗಿದರು; ತಮ್ಮ ಮುಪ್ಪಿನಿಂದಲೇ ತಾವು ತೆಗೆಯುತ್ತಿರುವ ಕೈಗಡವೆಂಬುದು ಲೆಕ್ಕ ಬಲ್ಲ ಅವರಿಗೆ ತಿಳಿಯದೆ? ಅಷ್ಟೂ ಸಾಲದೆ, ಮಡದಿ ಎರಡು ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಮಾರುವುದು ಬೇಡ, ಅಡವಿಟ್ಟರೆ ಸಾಕೆಂದು ಗುಮಾಸ್ತರು ಹಟ ಹಿಡಿದರು.

ಗೃಹಪ್ರವೇಶ ಸರಳವಾಗಿ ನಡೆಯಿತು. ಬಂದವರು ಗೋಡೆ, ಗಾಳಿ, ಬೆಳಕುಗಳನ್ನು ಹೊಗಳಿದರು. ಯಜಮಾನಿತಿಯ ಬರಿಗೈಯನ್ನು ಒಬ್ಬ ಮುದುಕಿ ಮಾತ್ರ ಕಂಡು, ಏನೂ ಕೇಳದೆ, ಅರಿಸಿನ ಕುಂಕುಮದೊಡನೆ ಒಂದು ಡಜನ್ ಗಾಜಿನ ಬಳೆಗಳನ್ನು ಕೊಟ್ಟು ಹೋದಳು. ಸರಕಾರದ ಮೊದಲ ಕಂತು ಬಂದಾಗ ಅಸಲಿನಲ್ಲಿ ಅಷ್ಟು ಇಳಿದೀತು. ಆ ಸಂಜೆಯ ಭಾರ ಮಾತ್ರ ಈ ಬಳೆಗಳಿಂದಲೇ ಇಳಿಯಿತು.