ಅಜ್ಜಿಯ ಕಂಬಳಿ ಕೊರಿಯಾಕ್ಕೆ ಹೋದದ್ದು

ನಿಮ್ಮ ಮನೆಯಿಂದಲೂ ಮಗನೋ ಮಗಳೋ ದೂರದೇಶಕ್ಕೆ ಓದಲು ಹೋಗಿದ್ದರೆ, ಸೋದರಿಯರೇ, ಈ ನಾಲ್ಕು ಮಾತು ನಿಮಗೇ.

ನಮ್ಮದು ಚಳ್ಳಕೆರೆ. ಶೇಂಗಾ, ಎಣ್ಣೆ ಮಿಲ್ಲು, ಸುಡುಬಿಸಿಲು – ಇಷ್ಟೇ ನಮ್ಮ ಲೋಕ. 2022ರ ಆಗಸ್ಟಿನಲ್ಲಿ ಮಗಳು ಎಂ.ಎಸ್. ಓದಲು ಕೊರಿಯಾದ ಸಿಯೋಲ್‌ಗೆ ಹೊರಟಳು. ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಅಲ್ಲಿ ಚಳಿ ಐತಾ?" ಐತೆ ಅಂದದ್ದೇ ತಡ, ಕರಿ ಕಂಬಳಿಯೊಂದನ್ನು ತಂದು ಪೆಟ್ಟಿಗೆಗೆ ಹಾಕಿದರು. ತೂಕ ಹೆಚ್ಚಾಯಿತೆಂದು ನಾನು ಚಟ್ನಿಪುಡಿಯ ಡಬ್ಬಿಯೊಂದನ್ನು ತೆಗೆಯಬೇಕಾಯಿತು.

ಕಂಬಳಿ ಉಪಯೋಗಕ್ಕೆ ಬಂತೇ ಅಂತೀರಾ? ಅಲ್ಲಿ ಮನೆಯ ನೆಲವೇ ಬೆಚ್ಚಗಿರುತ್ತದೆ! ಹಿಂದೆ ಒಲೆಯ ಬಿಸಿಹೊಗೆಯನ್ನು ನೆಲದಡಿ ಹಾಯಿಸಿ ಕೋಣೆ ಕಾಯಿಸುತ್ತಿದ್ದರಂತೆ. ಈಗ ಕೊಳವೆಗಳಲ್ಲಿ ಬಿಸಿನೀರು. ಓಂದೋಲ್ ಅಂತ ಅದರ ಹೆಸರು. ಹೊರಗೆ ನೀರು ಹೆಪ್ಪುಗಟ್ಟಿದರೂ ಒಳಗೆ ಒಲೆಯ ಪಕ್ಕ ಕೂತ ಹಾಗೆ. ನಮ್ಮ ಹುಡುಗಿ ಕಂಬಳಿ ಹೊದೆಯಲಿಲ್ಲ, ಹಾಸಿಕೊಂಡು ಮಲಗಿದಳು.

ಊಟದ್ದೇ ಪೇಚು. ನಾವು ಸಸ್ಯಾಹಾರಿಗಳು. ಕಿಮ್ಚಿ ಎಂದರೆ ಎಲೆಕೋಸಿನ ಉಪ್ಪಿನಕಾಯಿ ತಾನೇ ಎಂದು ಬಡಿಸಿಕೊಂಡರೆ, ಅದಕ್ಕೂ ಸಾಮಾನ್ಯವಾಗಿ ಉಪ್ಪುಮೀನಿನ ರಸವೋ ಸಿಗಡಿಯೋ ಬೀಳುತ್ತದಂತೆ! ಅಂಟಂಟು ಅನ್ನಕ್ಕೆ ಚಟ್ನಿಪುಡಿ, ಎಳ್ಳೆಣ್ಣೆ ಕಲಸಿಕೊಂಡು ದಿನ ತಳ್ಳಿದಳು. ಅವರೂ ಅಡುಗೆಗೆ ಎಳ್ಳೆಣ್ಣೆ ಬಳಸುವವರೇ. ಶೇಂಗಾಕ್ಕೆ ಅವರು ಅನ್ನುವುದು "ತ್ತಾಂಗ್‌ಕೋಂಗ್", ಅಂದರೆ ನೆಲದ ಕಾಳು. ನಾವು ನೆಲಗಡಲೆ ಅನ್ನುವುದಿಲ್ಲವೇ? ಅಪ್ಪನಿಗೆ ಅಲ್ಲಿಯೂ "ಅಪ್ಪಾ" ಅಂತಲೇ ಕರೆಯುತ್ತಾರೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಹಿರಿಯರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು. ಇದನ್ನು ಕೇಳಿ ನಮ್ಮತ್ತೆ, "ಹಂಗಾದ್ರೆ ನಮ್ಮೋರೇ ಬಿಡು" ಅಂದರು.

ನನ್ನ ತವರು ಮೊಳಕಾಲ್ಮೂರು. ನಮ್ಮಪ್ಪ ಮಗ್ಗದಲ್ಲಿ ಕೂತು ನೇಯ್ದ ರೇಷ್ಮೆ ಸೀರೆಯನ್ನು ಮಗಳು ದೀಪಾವಳಿಗೆ ಅಲ್ಲಿ ಉಟ್ಟಿದ್ದಳು. ಪಕ್ಕದ ಕೋಣೆಯ ಕೊರಿಯಾದ ಹುಡುಗಿ ಸೆರಗು ಹಿಡಿದು ನೋಡಿದ್ದೇ ನೋಡಿದ್ದಂತೆ.

ಡಿಸೆಂಬರಿನಲ್ಲಿ ನಮ್ಮತ್ತೆ ತೀರಿಕೊಂಡರು. ಮಗಳಿಗೆ ಅಲ್ಲಿ ಪರೀಕ್ಷೆ. "ಮುಗಿಯೋವರೆಗೂ ಹೇಳಬೇಡಿ" ಎಂದರು ಹಿರಿಯರು. ನಾನೂ ತಲೆಯಾಡಿಸಿದೆ. ನಮಗೆ ಸಂಜೆ ಆರೂವರೆಯಾದರೆ ಅವಳಿಗೆ ರಾತ್ರಿ ಹತ್ತು. ಆ ಹೊತ್ತಿಗೆ ದಿನಾ ಫೋನು. "ಅಜ್ಜಿಗೆ ಕೊಡಮ್ಮಾ" ಅನ್ನುವಳು. "ಮಲಗಿದಾರೆ ಕಣೇ" ಅನ್ನುವೆ. ಆರು ದಿನ ಹೀಗೇ ಸುಳ್ಳು ಹೇಳಿದೆ. ಏಳನೆಯ ದಿನ ಅವಳೇ ಕೇಳಿದಳು: "ಅಮ್ಮಾ, ದೀಪ ಹಚ್ಚೋ ಹೊತ್ತಲ್ಲಿ ಅಜ್ಜಿ ಯಾವತ್ತಾದ್ರೂ ಮಲಗಿದ್ದುಂಟಾ?"

ನನ್ನ ಬಾಯಿ ಕಟ್ಟಿತು. ಅವಳಿಗೆ ತಿಳಿದುಹೋಯಿತು.

"ಬರೋಕಾಗ್ತಿರಲಿಲ್ಲ ಅಂತ ನನಗೂ ಗೊತ್ತು. ಅಳೋದಕ್ಕಾದ್ರೂ ಬಿಡಬೇಕಿತ್ತಲ್ಲಮ್ಮಾ" ಅಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆ ರಾತ್ರಿಯಿಡೀ ಕಂಬಳಿಯ ಮೇಲೆ ಕೂತೇ ಇದ್ದಳಂತೆ. ಬೆಳಿಗ್ಗೆ ಪಕ್ಕದ ಕೋಣೆಯ ಹುಡುಗಿ ಅಕ್ಕಿಗಂಜಿ ಮಾಡಿ ತಂದು, ಮಾತಾಡದೆ ಪಕ್ಕದಲ್ಲಿ ಕೂತಳಂತೆ. ಒಂದು ಪರೀಕ್ಷೆ ಇನ್ನೂ ಉಳಿದಿತ್ತು. ಅದನ್ನೂ ಬರೆದಳು, ಪಾಸೂ ಆದಳು.

ಆಮೇಲೆ ಅವಳೂ ಒಂದು ಗುಟ್ಟು ಬಿಟ್ಟಳು. ಅಕ್ಟೋಬರಿನಲ್ಲಿ ವಾರವೆಲ್ಲ ಜ್ವರದಿಂದ ಮಲಗಿದ್ದಳಂತೆ. ನಾನು ಹೆದರಿಕೊಳ್ಳುತ್ತೇನೆಂದು ಹೇಳಿರಲಿಲ್ಲ. ನೋಡಿ, ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸಿ ಸುಳ್ಳಾಡುತ್ತಿದ್ದೆವು! ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಕರಾರು: ಕೆಟ್ಟ ಸುದ್ದಿಯಾದರೂ ಅದೇ ದಿನ ಹೇಳಬೇಕು.

ನೀವೂ ಮಕ್ಕಳಿಗೆ ಚಟ್ನಿಪುಡಿ ಕಟ್ಟಿಕೊಡಿ, ಕಂಬಳಿ ಕೊಡಿ. ಮನೆಯ ದುಃಖದಲ್ಲೂ ಅವರಿಗೆ ಪಾಲು ಕೊಡಿ. ದೂರವಿದ್ದಾರೆಂದು ಹೊರಗಿನವರನ್ನಾಗಿ ಮಾಡಬೇಡಿ.

2024ರಲ್ಲಿ ಓದು ಮುಗಿಸಿ ಮಗಳು ಬಂದಳು. ಪುಸ್ತಕಗಳನ್ನೆಲ್ಲ ಅಲ್ಲೇ ಹಂಚಿ ಬಂದಿದ್ದಳು. ಪೆಟ್ಟಿಗೆ ತೆರೆದರೆ ಮೇಲೆಯೇ ಇತ್ತು, ಅಜ್ಜಿಯ ಕಂಬಳಿ.