30 ಸೆಕೆಂಡಿನ ಕೆರಿಯರ್

ಚಿತ್ತವಾಡ್ಗಿಯಿಂದ ಈ ಕಾಲೇಜಿಗೆ ಬಂದವರು ನಾವು ಮೂರು ಜನ. ಒಂದೇ ಓಣಿ, ಒಂದೇ ಸ್ಕೂಲ್ ವ್ಯಾನ್, ಈಗ ಒಂದೇ ಹಾಸ್ಟೆಲ್ ರೂಮು. ಮೂವರಲ್ಲಿ ಒಬ್ಬ ಕಬಡ್ಡಿ ರೈಡರ್. "ನನ್ ಹೆಸ್ರು ಹಾಕ್‌ಬ್ಯಾಡ್ರಲೇ" ಅಂದಿದಾನೆ. ಹಾಗಾಗಿ ಇಲ್ಲಿ ಅವನು ರೈಡರ್ ಅಷ್ಟೇ.

ಹೋದ ಸೆಮಿಸ್ಟರ್ ಪರೀಕ್ಷೆಗೆ ಎರಡು ದಿನ ಇದ್ದಾಗ (ಓದಬೇಕಾದ ಹೊತ್ತಲ್ಲೇ ಇಂಥವೆಲ್ಲ ಸಿಗೋದು) ಬ್ಯಾರಿ ಸ್ಯಾಂಡರ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಆಟಗಾರನ ವಿಡಿಯೋ ಕಣ್ಣಿಗೆ ಬಿತ್ತು. ಡೆಟ್ರಾಯ್ಟ್ ಲಯನ್ಸ್ ತಂಡದ ರನ್ನಿಂಗ್ ಬ್ಯಾಕ್. ಚೆಂಡನ್ನು ಎದೆಗೆ ಅವಚಿಕೊಂಡು ಎದುರು ತಂಡದ ಗೋಡೆಯೊಳಗೆ ನುಗ್ಗೋದೇ ಅವನ ಕೆಲಸ. ನಾಲ್ಕು ಜನ ಮೈಮೇಲೆ ಬೀಳ್ತಾರೆ, ಅವನು ಸೊಂಟ ಅಲ್ಲಾಡಿಸಿ ನುಣುಚಿಕೊಂಡು ಹೋಗ್ತಾನೆ. "ಇವ್ನು ರೈಡರ್ ಅಲ್ಲೇನ್ಲೇ!" ಅಂದ ನಮ್ಮವನು. ಆಮೇಲೆ ಓದಿದ್ರೆ, ಹತ್ತು ಸೀಸನ್‌ನಲ್ಲಿ 15,269 ಗಜ ಓಡಿದ ಈ ಮನುಷ್ಯ 1999ರಲ್ಲಿ ದಿಢೀರಂತ ನಿವೃತ್ತಿ ಹೇಳಿಬಿಟ್ಟಿದ್ದಾನೆ. ವಾಲ್ಟರ್ ಪೇಟನ್ ದಾಖಲೆಗೆ ಬರೀ 1,457 ಗಜ ಬಾಕಿ ಇತ್ತು. ವಯಸ್ಸು 31, ಕಾಲು ಇನ್ನೂ ಗಟ್ಟಿ. "ಹುಚ್ಚ" ಅಂದ ರೈಡರ್. ಲ್ಯಾಪ್‌ಟಾಪ್ ಮುಚ್ಚಿ, ಮಂಡಿಗೆ ಐಸ್ ಪ್ಯಾಕ್ ಕಟ್ಟಿಕೊಂಡು ಮಲಗಿದ.

ಆ ಮಂಡಿಯ ಕಥೆ ಹೇಳಬೇಕು.

ನಮ್ಮ ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಕ್ರಿಕೆಟ್ ಇತ್ತು, ಬಾಸ್ಕೆಟ್‌ಬಾಲ್ ಇತ್ತು, ಕಬಡ್ಡಿ ಇರಲಿಲ್ಲ. ಕಬಡ್ಡಿ ಕಲಿಸಿದ್ದು ಓಣಿಯ ಸರ್ಕಾರಿ ಶಾಲೆ ಹುಡುಗರು, ಕಬ್ಬಿನ ಗದ್ದೆ ಪಕ್ಕದ ಖಾಲಿ ಜಾಗದಲ್ಲಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಮನೆಗಳಲ್ಲೂ ಅದಕ್ಕೆ ಸ್ವಲ್ಪ ಮರ್ಯಾದೆ ಬಂತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಕಪ್ ಗೆದ್ದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ಮಾರನೇ ದಿನದಿಂದ ಓಣಿಯ ಹುಡುಗರೆಲ್ಲ ಪವನ್. ನಮ್ಮವನು ಮಾತ್ರ ನಿಜವಾಗ್ಲೂ ಹಂಗೆ ಆಡ್ತಿದ್ದ.

ರೈಡರ್‌ಗೆ ಸಿಗೋದು 30 ಸೆಕೆಂಡ್, ಒಂದೇ ದಮ್ಮು, ಎದುರಿಗೆ ಏಳು ಜನ. ಮುಟ್ಟಿ ವಾಪಸ್ ಬಂದ್ರೆ ಪಾಯಿಂಟ್, ಸಿಕ್ಕಿಬಿದ್ರೆ ಔಟ್. ಟಿವಿಯಲ್ಲಿ ಗೊತ್ತಾಗದ ವಿಷಯ ಏನಂದ್ರೆ, ಮುಟ್ಟೋದಕ್ಕಿಂತ ತಿರುಗೋದು ಕಷ್ಟ. ಪೂರ್ತಿ ವೇಗದಲ್ಲಿ ಒಳಗೆ ಹೋಗಿ, ಒಂದು ಕಾಲನ್ನು ನೆಲಕ್ಕೆ ಊರಿ, ಮೈಯನ್ನು ಗಿರ್ರನೆ ತಿರುಗಿಸಬೇಕು. ಪಾದ ಆ ಕಡೆ, ಸೊಂಟ ಈ ಕಡೆ, ನಡುವೆ ಸಿಕ್ಕಿಹಾಕಿಕೊಳ್ಳೋದು ಮಂಡಿ. ಟಾರ್ಶನ್ ಟೆಸ್ಟಲ್ಲಿ ಸರಳು ತಿರುಚಿ ಮುರಿದಿರ್ತೀರಲ್ಲ, ಅದೇ ಲೆಕ್ಕ. ಲ್ಯಾಬಲ್ಲಾದ್ರೆ ರೀಡಿಂಗ್ ಬರ್ಕೊಂಡು ಇನ್ನೊಂದು ಸರಳು ಹಾಕ್ತೀವಿ.

ಫಸ್ಟ್ ಇಯರ್ ರಜೆಯಲ್ಲಿ ಊರಿನ ಹತ್ತಿರ ಹೊನಲು ಬೆಳಕಿನ ಪಂದ್ಯಾವಳಿ. ಸೆಮಿಫೈನಲ್ ಹೊತ್ತಿಗೇ ಅವನು "ಮಂಡಿ ಒಂಥರಾ ಸಡ್ಲ ಆದಂಗೈತಿ" ಅಂದಿದ್ದ. ನಾವಿಬ್ರೂ ಸ್ಪ್ರೇ ಹೊಡೆದು, ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದ್ವಿ. ಫೈನಲ್ ಕೊನೆಗೆ ಎರಡು ಪಾಯಿಂಟ್ ಹಿಂದೆ ಇದ್ವಿ. ಅವನು ನಮ್ಮ ಕಡೆ ನೋಡಿದ. "ಒಂದೇ ಒಂದು ರೈಡ್ ಲೇ" ಅಂದದ್ದು ನಾವೇ. ಆ ಮಾತು ಇಬ್ಬರಲ್ಲಿ ಯಾರ ಬಾಯಿಂದ ಬಂತು ಅಂತ ಇವತ್ತಿಗೂ ಜಗಳ ಆಡ್ತೀವಿ, ಆದ್ರೆ ಇಬ್ರೂ ಅಂದಿದ್ವಿ ಅಂತ ಇಬ್ರಿಗೂ ಗೊತ್ತು. ಕಾರ್ನರ್‌ನವನು ಆಂಕಲ್ ಹಿಡಿದ, ಇವನು ತಿರುಗಿದ. ಟಪ್ ಅಂತ ಬಂದ ಸದ್ದು ಲೈನ್ ಆಚೆ ನಿಂತಿದ್ದ ನಮಗೂ ಕೇಳಿಸ್ತು.

ಎರಡು ದಿನ ಉಪ್ಪಿನ ಶಾಖ, ಮೂರನೇ ದಿನ ಉಳುಕು ತೆಗೆಯೋರು, ಆಮೇಲೆ ಸ್ಕ್ಯಾನ್. ಎಸಿಎಲ್ ಅನ್ನೋ ಪಟ್ಟಿ ಹರಿದಿತ್ತು. ಪೂರ್ತಿ ಹರಿದ್ರೆ ತಾನಾಗಿ ಕೂಡಿಕೊಳ್ಳೋದು ಕಷ್ಟ, ಬೇರೆ ಕಡೆಯಿಂದ ಸ್ನಾಯುವಿನ ಎಳೆ ತೆಗೆದು ಅಲ್ಲಿ ಕಟ್ಟಬೇಕು, ಆಟಕ್ಕೆ ಮರಳೋಕೆ ಒಂಬತ್ತು ತಿಂಗಳಾದ್ರೂ ಬೇಕು. ನಡೆದಾಡೋಕೆ ಆಪರೇಷನ್ ಇಲ್ಲದೇನೂ ಆಗಬಹುದು, ಕಬಡ್ಡಿಗೆ ಆಗಲ್ಲ ಅಂದ್ರು ಡಾಕ್ಟರು. ಅವರ ಅಪ್ಪ ಒಂದೇ ಪ್ರಶ್ನೆ ಕೇಳಿದ್ರು: "ಕಾಲು ಹಾಳಾದ್ರ ಕಬಡ್ಡಿಯೋರು ಪಗಾರ ಕೊಡ್ತಾರೇನಪ್ಪಾ?"

ರೈಡರ್ ಹತ್ರ ಉತ್ತರ ಇತ್ತು, ಅದೂ ಪವನ್‌ದೇ. 2022ರ ಅಕ್ಟೋಬರ್ 8, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. 2.26 ಕೋಟಿ ಕೊಟ್ಟು ತಮಿಳ್ ತಲೈವಾಸ್ ತಗೊಂಡಿದ್ದ ಪವನ್, ಸೀಸನ್ನಿನ ಮೊದಲ ಪಂದ್ಯದಲ್ಲೇ ಮಂಡಿ ಹಾಳಾಗಿ ಹೊರಗೆ ಹೋದ. ಸೀಸನ್ ಅಲ್ಲಿಗೇ ಮುಗೀತು. ಮುಂದಿನ ವರ್ಷ ಅಕ್ಟೋಬರ್ 7ಕ್ಕೆ ಅದೇ ಮನುಷ್ಯ ಹಾಂಗ್‌ಝೌನಲ್ಲಿ ಭಾರತದ ಕ್ಯಾಪ್ಟನ್ ಆಗಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ. ಅದಾದ ತಕ್ಷಣ ನಡೆದ ಹರಾಜಲ್ಲಿ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ. "ನೋಡ್ಲೇ, ಮಂಡಿ ಹೋದ್ಮ್ಯಾಲೆ ರೇಟ್ ಜಾಸ್ತಿ ಆಗೈತಿ!"

ನಾವು ನಕ್ವಿ. ಆದ್ರೆ ಪವನ್ ಮಂಡಿ ಹಿಂದೆ ತಂಡ ಇತ್ತು, ಡಾಕ್ಟರು, ಫಿಸಿಯೋ ಇದ್ರು. ನಮ್ಮವನ ಮಂಡಿ ಹಿಂದೆ ಇದ್ದದ್ದು ಬ್ಯಾಂಡೇಜ್ ಸುತ್ತೋಕೂ ಸರಿಯಾಗಿ ಬರದ ನಾವಿಬ್ರು.

ಲೀಗಿಗೆ ಮುಂಚೆ ಕಬಡ್ಡಿಯವರ ಕೆರಿಯರ್ ಅಂದ್ರೆ ಸ್ಪೋರ್ಟ್ಸ್ ಕೋಟಾ ನೌಕರಿ. ರೈಲ್ವೆ, ಪೊಲೀಸ್, ಬ್ಯಾಂಕು. ನಮ್ಮ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೂ ಒಳ್ಳೆ ಕಬಡ್ಡಿ ತಂಡ ಇತ್ತು, 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯ್ತು. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಎಂಟನೇ ಸೀಸನ್‌ನಲ್ಲಿ ಪಟ್ನಾ ಪೈರೇಟ್ಸ್ ಕ್ಯಾಪ್ಟನ್ ಆಗಿ ಫೈನಲ್‌ವರೆಗೆ ಹೋದ್ರು, ಒಂದೇ ಪಾಯಿಂಟಲ್ಲಿ ಕಪ್ ತಪ್ಪಿತು. ನಾವು ಮೂವರೂ ಒಪ್ಪೋ ಹೆಸರು ಮಾತ್ರ ಬಿ.ಸಿ. ರಮೇಶ್. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. ಆಟ ಬಿಟ್ಟ ಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಕೊಡಿಸಿದ್ರು. ಲೈನಿನ ಆಚೆ ನಿಂತೂ ಕಬಡ್ಡಿಯಲ್ಲಿ ಇರಬಹುದು ಅಂತ ನಾವು ಅವರ ಹೆಸರು ಎತ್ತಿದಾಗೆಲ್ಲ ರೈಡರ್ ಮುಖ ತಿರುಗಿಸ್ತಿದ್ದ.

ಆಪರೇಷನ್ ಮಾಡಿಸಲಿಲ್ಲ. ದುಡ್ಡು ಒಂದು ಕಾರಣ, ಒಂದು ಇಡೀ ಸೆಮಿಸ್ಟರ್ ಹೋಗ್ತದೆ ಅನ್ನೋದು ಇನ್ನೊಂದು. ನಿರ್ಧಾರ ಅವನೇ ಮಾಡಿದ್ದು ಅಂತ ಹೇಳ್ತಾನೆ, ನಾವು ನಂಬಿದಂಗೆ ಇದ್ದೀವಿ. ದಿನಾ ಸಂಜೆ ಟೆರೇಸಲ್ಲಿ ತೊಡೆ ಗಟ್ಟಿ ಮಾಡೋ ಎಕ್ಸರ್‌ಸೈಜ್ ಮಾಡ್ತಾನೆ. ಆ ಸ್ಯಾಂಡರ್ಸ್ ವಿಡಿಯೋ ಮತ್ತೆರಡು ಸಲ ಅವನ ಫೋನಲ್ಲಿ ಓಡ್ತಿದ್ದದ್ದು ನೋಡಿದ್ವಿ. ನಾವೇನೂ ಕೇಳಲಿಲ್ಲ.

ಹೋದ ತಿಂಗಳು ಇಂಟರ್ ಡಿಪಾರ್ಟ್‌ಮೆಂಟ್ ಕಬಡ್ಡಿ. ಅವನನ್ನು ಕರ್ಕೊಂಡು ಹೋಗಿ ಲೈನ್ ಪಕ್ಕ ಕೂರಿಸಿದ್ವಿ. ಕೊನೆಯ ಎರಡು ನಿಮಿಷ, ನಮ್ಮ ಡಿಪಾರ್ಟ್‌ಮೆಂಟ್ ಮೂರು ಪಾಯಿಂಟ್ ಹಿಂದೆ, ಡೂ ಆರ್ ಡೈ. ಚೆನ್ನಾಗಿ ಆಡ್ತಿದ್ದ ಜೂನಿಯರ್ ಒಬ್ಬ ಮಂಡಿ ಒತ್ತಿಕೊಳ್ತಾ ರೈಡಿಗೆ ಹೊರಟ. ಸುತ್ತ ಎಲ್ರೂ ಅವನ ಹೆಸರು ಕೂಗ್ತಿದ್ರು. ನಮ್ಮವನು ಎದ್ದು ನಿಂತು ಕ್ಯಾಪ್ಟನ್‌ಗೆ ಕೂಗಿದ: "ಅವನ್ನ ಹೊರಗ್ ಕರಿ! ಬ್ಯಾರೆಯವ್ರನ್ನ ಕಳ್ಸು!"

ಬೇರೆಯವನು ಹೋದ, ಸಿಕ್ಕಿಬಿದ್ದ, ನಾವು ಸೋತ್ವಿ. ಜೂನಿಯರ್ ಇನ್ನೂ ನಮ್ಮ ಜೊತೆ ಸರಿಯಾಗಿ ಮಾತಾಡ್ತಿಲ್ಲ.