ಡಂಕಣನಿಗೆ ಥಿಯರಿ ಪೇಪರ್

ಬೇಲೂರಿಗೆ ಬಂದವರಿಗೆಲ್ಲ ಗೈಡುಗಳು ಕಪ್ಪೆ ಚೆನ್ನಿಗರಾಯನ ಕಥೆ ಹೇಳದೆ ಬಿಡುವುದಿಲ್ಲ. ಶಿಲ್ಪಿ ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಹುಡುಗ ಡಂಕಣ. ಗಂಧ ಬಳಿದರೆ ಹೊಕ್ಕುಳ ಸುತ್ತ ಮಾತ್ರ ಒಣಗಲಿಲ್ಲವಂತೆ, ಹುಡುಗನ ಮಾತೇ ನಿಜವಾಯಿತಂತೆ. ಜಕಣಾಚಾರಿ ಎಂಬೊಬ್ಬ ಇದ್ದನೇ ಎಂದು ಇತಿಹಾಸಕಾರರು ಅನುಮಾನಿಸುತ್ತಾರೆ, ಇರಲಿ. ನನ್ನ ಚಿಂತೆ ಬೇರೆ. ‘ಶಿಲೆಯ ವಿಧಗಳನ್ನು ಪಟ್ಟಿ ಮಾಡಿ, 5 ಅಂಕ’ ಎಂದು ಆ ಹುಡುಗನನ್ನು ಯಾರಾದರೂ ಕೂರಿಸಿದ್ದರೆ?

ನಮ್ಮ ಪೇಟೆಯ ಗ್ಯಾರೇಜೊಂದರಲ್ಲಿ ಅಂಥ ಹುಡುಗನೊಬ್ಬನಿದ್ದಾನೆ. ಬೈಕು ರಸ್ತೆಯ ತಿರುವಿನಲ್ಲಿರುವಾಗಲೇ ಚೈನು ಸಡಿಲ ಎನ್ನುತ್ತಾನೆ. ಕಾಗದ ಕೊಟ್ಟರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. 16ರ ಸ್ಪಾನರ್ ಕೇಳಿದರೆ 19ರದ್ದು ಬರುತ್ತದೆ. ಮೇಸ್ತ್ರಿ ಬೈದು ಬೈದು ಸಾಕಾಗಿ, ಸ್ಪಾನರುಗಳಿಗೆ ಬಣ್ಣಬಣ್ಣದ ಟೇಪು ಸುತ್ತಿದರು. ನಾಲ್ಕು ಕೆಲಸ ಒಟ್ಟಿಗೆ ಹೇಳುವುದನ್ನೂ ಬಿಟ್ಟರು. ಒಂದು ಹೇಳುವುದು, ಅವನ ಬಾಯಲ್ಲೇ ಅದನ್ನು ಹೇಳಿಸುವುದು, ಆಮೇಲೆ ಇನ್ನೊಂದು. ಈ ಉಪಾಯಕ್ಕೆ ಖರ್ಚಾದದ್ದು ಟೇಪಿನ ದುಡ್ಡು.

“ದಡ್ಡ ಅಲ್ಲ ಸಾರ್ ಇವ್ನು, ಪೇಪರ್ ಕಂಡ್ರೆ ಬೆವರ್ತಾನೆ ಅಷ್ಟೆ,” ಎಂದರು ಮೇಸ್ತ್ರಿ.

ಮತ್ತೆ ಶಿಲ್ಪಿಗಳ ಮಾತಿಗೆ ಬಂದರೆ, ಹೊಯ್ಸಳರ ಶಿಲ್ಪಿ ಮಲ್ಲಿತಮ್ಮ ತನ್ನ ಶಿಲ್ಪಗಳ ಕೆಳಗೆ ಒಮ್ಮೊಮ್ಮೆ ‘ಮಲ್ಲಿ’ ಎಂದೂ ಇನ್ನೊಮ್ಮೆ ಬರೀ ‘ಮ’ ಎಂದೂ ಕೆತ್ತಿದ್ದಾನೆ. ಅವನಿಗೆ ಓದು ಬರಹ ಬರುತ್ತಿರಲಿಲ್ಲ ಎಂದು ನಾನೇನೂ ಹೇಳುತ್ತಿಲ್ಲ. ಪೂರ್ತಿ ಹೆಸರು ಬರೆಯಲಿಲ್ಲವೆಂದು ಯಾರೂ ಅಂಕ ಕಳೆದಿರಲಾರರು, ಅಷ್ಟೆ.

ಇಂಥ ಹುಡುಗರ ವಿಷಯದಲ್ಲಿ ಕಾನೂನು ಏನೂ ಕುರುಡಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಬರೆಯಲು ಕಷ್ಟವಿರುವವರು ಲಿಖಿತ ಪರೀಕ್ಷೆಗೆ ಬರೆದುಕೊಡುವವರನ್ನು ಕೇಳಬಹುದು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯವೂ ಸಿಗುತ್ತದೆ. ಐಟಿಐ ಸೇರಿ ಪ್ರಾಕ್ಟಿಕಲ್‌ನಲ್ಲಿ ಮಿಂಚಿ ಥಿಯರಿಯಲ್ಲಿ ಮುಗ್ಗರಿಸುವ ಹುಡುಗರಿಗೆ ಇದು ಸಣ್ಣ ಸವಲತ್ತಲ್ಲ. ಆದರೆ ಮೊದಲು ಸರ್ಟಿಫಿಕೇಟು ಬೇಕು. ಮೈಸೂರಿನ ವಾಕ್‌ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡುತ್ತಾರೆ, ನಿಜ. ಹೋಗಿಬರಲು ಒಂದು ದಿನದ ಕೂಲಿ ಖೋತಾ, ಬಸ್ ಚಾರ್ಜು ಮೇಲೆ. ಅದಕ್ಕಿಂತ ದೊಡ್ಡದು ಗ್ಯಾರೇಜಿನ ಹುಡುಗನ ತಾಯಿಯ ಹೆದರಿಕೆ: ಮಗನಿಗೆ ತಲೆ ಸರಿಯಿಲ್ಲ ಅಂದಾರು, ನಾಳೆ ಹೆಣ್ಣು ಕೊಡೋರು ಯಾರು?

ಆಕೆಯನ್ನು ಒಪ್ಪಿಸಲು ಮೇಸ್ತ್ರಿ ಈಗ ಮನೆಗೇ ಹೋಗಿ ಕೂರುತ್ತಿದ್ದಾರೆ. ಟೀ ಕುಡಿದು ಬರುತ್ತಾರೆ, ಮತ್ತೆ ಹೋಗುತ್ತಾರೆ. ಮೊನ್ನೆ ಅರ್ಧ ಒಪ್ಪಿದರಂತೆ. ಖುಷಿಯಿಂದ ಬಂದವರು ನನ್ನ ಮುಂದೆ ಸರ್ಟಿಫಿಕೇಟಿನ ಅರ್ಜಿ ಹಿಡಿದರು: “ಇದನ್ನ ಯಾರಾದ್ರೂ ತುಂಬ್ಬೇಕಲ್ಲ ಸಾರ್. ನಂಗೂ ಬರೆಯೋದು ಅಂದ್ರೆ ಅಷ್ಟಕ್ಕಷ್ಟೆ.”